ಅವ್ವನ ಒಂದು ಸುತ್ತಿನ ಪರೀಕ್ಷೆ

ವಿಕ್ರೋಳಿ ಪೂರ್ವ, ಮುಂಬಯಿ
ರವಿವಾರ, ೧೨ ಜನವರಿ ೨೦೨೫

ಮಗಳೇ ವೈಶಾಲಿ,

ನಾಗಪುರದ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಅಳಿಯಂದಿರಿಗೆ ರೈಲ್ವೆಯವರು ಕ್ವಾರ್ಟರ್ಸ್ ಕೊಟ್ಟರೋ, ಇನ್ನೂ ಆಟ ಆಡಿಸುತ್ತಿದ್ದಾರೋ? ಸೃಜನ್ ಈಗಲಾದರೂ ರೊಟ್ಟಿ ತಿನ್ನುತ್ತಾನೋ, ಮ್ಯಾಗಿಯೇ ಬೇಕೋ? ನನ್ನ ಮೊಣಕಾಲು ಇದ್ದಲ್ಲೇ ಇದೆ, ನೋವೂ ಇದ್ದಲ್ಲೇ ಇದೆ. ದಿನಾ ಫೋನಿನಲ್ಲಿ ಸಿಗುವ ಅಪ್ಪ ಪತ್ರ ಯಾಕೆ ಬರೆದ ಎಂದು ಹುಬ್ಬು ಏರಿಸಬೇಡ. ಫೋನ್ ಹಚ್ಚಿದರೆ ಸಾಕು, ನಿನ್ನ ಅವ್ವ ಪಕ್ಕಕ್ಕೆ ಬಂದು ಕೂತು ಸ್ಪೀಕರ್ ಹಾಕಿಸುತ್ತಾಳೆ. ಅವಳೆದುರು ಅವಳನ್ನು ಹೊಗಳುವುದು ಮದುವೆಯಾದಾಗಿನಿಂದ ನನ್ನ ಕೈಲಾಗಿಲ್ಲ. ಇವತ್ತು ಹೊಗಳಬೇಕಾಗಿದೆ. ಇನ್ನೊಂದು ಸಂಗತಿಯೂ ಇದೆ, ಸಾವಕಾಶ ಹೇಳುತ್ತೇನೆ.

ನಮ್ಮ ಗಾರ್ಡನ್ನಿನ ಗೇಟಿಗೆ ಹೊಸ ಬೋರ್ಡು ಬಂದಿದೆ. ಉದ್ಘಾಟನೆ ಮಾಡಿದವರು, ಪಕ್ಕದಲ್ಲಿ ನಿಂತವರು, ಹಾರ ಹಿಡಿದವರು, ಎಲ್ಲರ ಹೆಸರೂ ಇದೆ. ನಿನ್ನ ಅವ್ವ ರಾಚವ್ವನದಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅವಳು ಮಾತ್ರ, ‘ಮಂದಿ ಬೋರ್ಡ್ ಓದಾಕ ಬರ್ತಾರೇನ್ರಿ, ಅಡ್ಡಾಡಾಕ ಬರ್ತಾರ’ ಎಂದು ಮುಂದೆ ನಡೆದಳು. ಈ ಗಾರ್ಡನ್ ಆಗುವ ಮೊದಲಿನದು ನಿನಗೆ ಗೊತ್ತಿರಲಿಕ್ಕಿಲ್ಲ, ನೀನು ಆಗ ತೊಟ್ಟಿಲ ಕೂಸು. ಒಡೆದ ಕಟ್ಟಡಗಳ ಮಣ್ಣು, ಇಟ್ಟಂಗಿ ಚೂರು ತಂದು ಸುರಿಯುವ ಜಾಗ ಅದು. ನಾನು ಫ್ಯಾಕ್ಟರಿಗೆ ಹೋಗುತ್ತಿದ್ದೆ; ನಿನ್ನವ್ವ ಎದುರಿನ ಬಿಲ್ಡಿಂಗಿನ ರುಕ್ಮಿಣಿಬಾಯಿಯವರ ಆರೈಕೆಗೆ ಹೋಗುತ್ತಿದ್ದಳು. ಅವರು ಮರಾಠಿ ಶಾಲೆಯ ಟೀಚರು, ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದಿತ್ತು. ಅವರಿಗೆ ಬಯಲ ಗಾಳಿ ಬೇಕೆಂದು ಇವಳು ಗಾಲಿ ಕುರ್ಚಿಯಲ್ಲಿ ಕೂರಿಸಿ ಹೊರಟರೆ, ಆ ಇಟ್ಟಂಗಿ ಚೂರಿನಲ್ಲಿ ಗಾಲಿ ಸಿಕ್ಕಿಬಿತ್ತು. ಬೇರೆಯವರಾಗಿದ್ದರೆ ಮನೆಗೆ ತಿರುಗುತ್ತಿದ್ದರು. ಇವಳು ಕುರ್ಚಿಯನ್ನು ಸೀದಾ ವಾರ್ಡ್ ಆಫೀಸಿಗೆ ತಳ್ಳಿಕೊಂಡು ಹೋಗಿ ಸಾಹೇಬರ ಬಾಗಿಲಿಗೆ ಅಡ್ಡ ನಿಲ್ಲಿಸಿದಳು! ತನ್ನ ಹರಕು ಮುರಕು ಮರಾಠಿಯಲ್ಲಿ ಇವರಿಗೊಂದು ದಾರಿ ಮಾಡಿಕೊಡಿ ಎಂದಳು. ಕೊಡುವವರೆಗೂ ಹೋಗುತ್ತಲೇ ಇದ್ದಳು, ಬಾಯಿಯವರಿಗೂ ಅದೊಂದು ಸವಾರಿಯಾಯಿತು. ಕೊನೆಗೆ ಕಂತ್ರಾಟುದಾರ ಬಂದು ಸಣ್ಣ ಕಾಲುದಾರಿಗೆ ಸುಣ್ಣದ ಗೆರೆ ಎಳೆದಾಗ, ಎರಡೂ ಕೈ ಚಾಚಿ ನಿಂತು, ಇಷ್ಟು ಅಗಲ ಬೇಕು, ಕುರ್ಚಿಯೂ ಹೋಗಬೇಕು, ಪಕ್ಕಕ್ಕೆ ಒಬ್ಬರು ನಡೆಯಲೂಬೇಕು ಎಂದಳು. ಊರಿನ ಗಾರ್ಡನ್ನುಗಳಿಗೆಲ್ಲ ಗಿಡ ಮೊದಲು, ದಾರಿ ಆಮೇಲೆ. ನಮ್ಮದಕ್ಕೆ ದಾರಿ ಮೊದಲು ಬಂತು.

ಆ ದಾರಿಯಲ್ಲಿ ಅವಳು ರುಕ್ಮಿಣಿಬಾಯಿಯವರನ್ನು ತಿರುಗಾಡಿಸುವುದನ್ನು ನೋಡಿ, ನಮ್ಮ ಮನೆಗೂ ಒಬ್ಬರು ಬೇಕಲ್ಲ ಎಂದು ಕೇಳುವವರು ಹುಟ್ಟಿಕೊಂಡರು. ಕಟ್ಟಡದ ಕೆಲಸಕ್ಕೆ ಬಂದು ಮಣ್ಣು ಹೊತ್ತು ಸೋತಿದ್ದ ನಮ್ಮ ವಿಜಯಪುರದ ಕಡೆಯ ಹೆಣ್ಣುಮಕ್ಕಳನ್ನು ಅವಳು ಹುಡುಕಿ ತಂದಳು. ಹೀಗೆ ಒಂದು ಬೆಂಚಿನ ಮೇಲೆ ಶುರುವಾದ, ಆರೈಕೆಗೆ ಆಳು ಕಳಿಸುವ ವ್ಯವಹಾರವನ್ನು ಇವತ್ತು ನಮ್ಮ ಸೊಸೆ ರೂಪಾಲಿ ಮೊಬೈಲಿನಲ್ಲಿ ನಡೆಸುತ್ತಾಳೆ, ಬಾಂದ್ರಾದ ದೊಡ್ಡ ಮನೆಗಳಿಗೂ ನಮ್ಮವರು ಹೋಗುತ್ತಾರೆ. ಆದರೆ ಕೆಲಸಕ್ಕೆ ಬರುವವರ ಪರೀಕ್ಷೆ ಮಾತ್ರ ಇವತ್ತಿಗೂ ನಿನ್ನವ್ವನದೇ. ಹೊಸಬಳ ತೋಳು ಹಿಡಿದು ಗಾರ್ಡನ್ ಒಂದು ಸುತ್ತು. ಆ ಸುತ್ತಿನಲ್ಲಿ ನಿನ್ನವ್ವನದು ಬುದ್ಧಿ ಮಸುಕಾದ ಮುದುಕಿಯ ಪಾತ್ರ. ಕೇಳಿದ್ದನ್ನೇ ಕೇಳುವುದು, ನಡುದಾರಿಯಲ್ಲಿ ಕೂತು ಏಳಲೊಲ್ಲೆ ಎನ್ನುವುದು, ತವರಿಗೆ ಕಳಿಸು ಎಂದು ಗೋಳಾಡುವುದು. ಹೊಸಬಳು ರೇಗಬಾರದು, ಎಳೆಯಬಾರದು, ‘ಈಗಷ್ಟೇ ಹೇಳಿದೆನಲ್ಲ’ ಎನ್ನಲೇಬಾರದು. ಸುತ್ತು ಮುಗಿದು ಗೇಟು ಬಂದಾಗ ಅವಳು ಫಕ್ಕನೆ ಕೈ ಬಿಡಿಸಿಕೊಂಡು ನಗುತ್ತಾಳೆ, ‘ಪಾಸ್ ಆದಿ, ನಡಿ, ಚಾ ಕುಡಿಯೂಣು’ ಎನ್ನುತ್ತಾಳೆ. ನೀನೂ ಈ ಕೆಲಸಕ್ಕೆ ಬರುತ್ತೇನೆಂದು ಹೊರಟು ಮೊದಲ ಸಲ ಫೇಲಾಗಿದ್ದು ನೆನಪಿದೆಯೇ? ಅವಳು ಕರೆದಾಗ ನೀನು ಫೋನ್ ನೋಡುತ್ತಿದ್ದೆ. ಹೆತ್ತ ಮಗಳೆಂದೂ ಬಿಡಲಿಲ್ಲ, ಮಹಾರಾಯ್ತಿ.

ಈ ದೀಪಾವಳಿಯಿಂದ ಅವಳು ಮನೆಯಲ್ಲೂ ಪಾತ್ರ ಶುರು ಮಾಡಿದ್ದಳು. ಚಹಾ ಕುಡಿದ ಲೋಟ ಕೈಯಲ್ಲೇ ಇರುವಾಗ ಚಹಾ ಆಯಿತೇ ಎಂದು ಕೇಳುವುದು, ಕುಕ್ಕರ್ ಇಟ್ಟು ಮರೆಯುವುದು. ನಾನು ನಕ್ಕೆ, ರೂಪಾಲಿಯೂ ನಕ್ಕಳು. ಅತ್ತೆ ತಾಲೀಮು ಮಾಡುತ್ತಿದ್ದಾರೆ ಎಂದಳು, ನಾನು ಶಹಬ್ಬಾಸ್ ಅಂದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಯಿತು ನಮಗೆ. ಹೋದ ವಾರ ಶಿವಕುಮಾರಿ ಎಂಬ ಹೊಸ ಹೆಣ್ಣುಮಗಳ ಪರೀಕ್ಷೆ ಇತ್ತು. ನಾನು ಎಂದಿನಂತೆ ಗೇಟಿನ ಬೆಂಚಿನಲ್ಲಿದ್ದೆ. ಸುತ್ತು ಮುಗಿಯಿತು, ನಗುವಿಗಾಗಿ ಕಾದೆ. ನಿನ್ನವ್ವ ಕೈ ಬಿಡಿಸಿಕೊಳ್ಳಲಿಲ್ಲ. ‘ನಮ್ಮನಿ ಎಲ್ಲೈತವಾ?’ ಎಂದು ಕೇಳಿದಳು. ಆ ಹುಡುಗಿ ಪಾಪ, ಪರೀಕ್ಷೆ ಇನ್ನೂ ಇದೆ ಎಂದುಕೊಂಡು ‘ಇಲ್ಲೇ ಐತ್ರಿ ಆಯಿ, ಇನ್ನೊಂದ್ ಸುತ್ತ್ ಹಾಕೂಣ’ ಎಂದು ಮತ್ತೆ ನಡೆಸಿದಳು. ಎರಡನೆಯ ಸುತ್ತಿಗೂ ಬಿಡಿಸಿಕೊಳ್ಳಲಿಲ್ಲ. ನಾನೇ ಎದ್ದು ಹೋಗಿ ಅವಳನ್ನು ಮನೆಗೆ ಕರೆತಂದೆ.

ಸಂಜೆ ಅವಳು ತಿಳಿಯಾಗಿದ್ದಳು. ನಾನು ಕೇಳುವ ಮೊದಲೇ ಹೇಳಿದಳು, ‘ನಾಟಕ ಅಲ್ರೀ ಇದು. ಭಾಳ ದಿನಾತು. ಹೇಳಿದ್ರ ನೀವು ಅಳ್ತೀರಿ ಅಂತ ನಾಟಕದಾಗ ಮುಚ್ಚಿಟ್ಟೆ.’ ನಾನು ಅತ್ತುಬಿಟ್ಟೆ, ಹೌದು. ಅವಳೇ ನನ್ನ ಕಣ್ಣು ಒರೆಸಿದಳು. ರೂಪಾಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮಾತ್ರೆ ಕೊಟ್ಟಿದ್ದಾರೆ, ಇದು ಹಿಂದೆ ಸರಿಯುವ ಕಾಯಿಲೆಯಲ್ಲ, ನಿಧಾನ ಮಾಡಬಹುದು ಎಂದಿದ್ದಾರೆ. ತನಗೆ ಆಳು ಗೊತ್ತುಮಾಡುವುದಾದರೆ ಅವರನ್ನೂ ತಾನೇ ಪರೀಕ್ಷೆ ಮಾಡುವವಳಂತೆ. ಹುಟ್ಟುಗುಣ ಸುಟ್ಟರೂ ಹೋದೀತೇ! ಆಳು ಯಾಕೆ, ನಾನಿಲ್ಲವೇ ಎಂದು ಮರುದಿನ ನಾನೇ ತೋಳು ಕೊಟ್ಟೆ. ಫೇಲ್. ಮುಂದೆ ಮುಂದೆ ಓಡುತ್ತೀರಿ ಎಂದಳು. ಅದರ ಮರುದಿನವೂ ಫೇಲ್, ಈಗಷ್ಟೇ ಹೇಳಿದೆನಲ್ಲ ಎಂದುಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ಪಾಸಾದೆ ಮಗಳೇ. ಈ ವಯಸ್ಸಿನಲ್ಲಿ ಅಷ್ಟು ಖುಷಿ ಆಗಬಾರದು, ಆಯಿತು. ಎಷ್ಟೋ ಮನೆಗಳ ಮುದುಕರು ಕೊನೆಗಾಲದಲ್ಲಿ ಬೈಸಿಕೊಳ್ಳದೆ ಹೋದದ್ದು ಇವಳಿಂದ. ಹಾಗೆ ಕಲಿಸಿದವಳು ಈಗ ತನ್ನನ್ನು ಹೇಗೆ ನೋಡಿಕೊಳ್ಳಬೇಕೆಂದು ನನಗೂ ಕಲಿಸುತ್ತಿದ್ದಾಳೆ.

ಎಳ್ಳುಬೆಲ್ಲದ ಪೊಟ್ಟಣ ಇದರ ಜೊತೆಗಿದೆ, ಅವಳೇ ಹುರಿದದ್ದು, ಸ್ವಲ್ಪ ಸೀದಿದೆ. ತಿನ್ನಿ, ಒಳ್ಳೆಯ ಮಾತಾಡಿ. ಅಳಿಯಂದಿರಿಗೆ ನಮಸ್ಕಾರ, ಸೃಜನ್‌ಗೆ ಅಜ್ಜನ ಮುತ್ತು. ನಿನ್ನ ಮನೆ ತಂಪಾಗಿರಲಿ.

ನಿನ್ನ ಅಪ್ಪ,
ಪರಪ್ಪ

ತಾ.ಕ.: ಮುಖ್ಯ ಮಾತೇ ಉಳಿಯಿತು. ನಿನ್ನೆ ನಿನ್ನ ಮದುವೆಯ ಫೋಟೋ ಒರೆಸುತ್ತ ‘ಚಂದ ಅದಾಳ ಹುಡುಗಿ, ಯಾರ ಮಗಳ್ರೀ?’ ಎಂದಳು. ಫೋನಿನಲ್ಲಿ ನಿನ್ನ ದನಿ ಇನ್ನೂ ಗುರುತಿದೆ, ಮುಖ ಜಾರುತ್ತಿದೆ. ಯುಗಾದಿಯ ತನಕ ಕಾಯಬೇಡ, ಕೂಡಲೇ ಹೊರಟು ಬಾ. ಬಾಗಿಲಲ್ಲಿ ಗುರುತು ಹಿಡಿಯದಿದ್ದರೆ, ನಾನು ನಿನ್ನ ಮಗಳಲ್ಲವೇ ಎಂದು ಅಳಬೇಡ, ಅಲ್ಲಿಗೇ ಫೇಲ್. ‘ವೈಶಾಲಿ ಅಂತ ನನ್ನ ಹೆಸ್ರು, ಕೆಲಸಕ್ಕ ಬಂದೀನ್ರಿ, ಪರೀಕ್ಷಾ ತಗೋರಿ’ ಎಂದು ತೋಳು ಕೊಡು. ಸುತ್ತು ಮುಗಿಯುವುದರೊಳಗೆ ನೆನಪಾದರೆ ನಮ್ಮ ಪುಣ್ಯ. ಆಗದಿದ್ದರೂ ಪಾಸು ಮಾಡುತ್ತಾಳೆ, ಫೋನು ಮಾತ್ರ ಮನೆಯಲ್ಲಿಟ್ಟು ಹೋಗು.