ಹತ್ತರಲ್ಲಿ ಎರಡು ಎಂದಳು ನನ್ನ ಮಗಳು

ಅಂಗವಿಕಲತೆಯ ಪ್ರಮಾಣ ನಿರ್ಧರಿಸುವ ವೈದ್ಯಕೀಯ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ, ಕಳೆದ ತಿಂಗಳು ಕಾಸರಗೋಡಿನಲ್ಲಿ ನೀವು ನನ್ನ ಮಗಳು ಗ್ರೇಸಿಯನ್ನು ನಾಲ್ಕು ನಿಮಿಷ ನೋಡಿ, ‘ನೋವು ಅಲ್ಪ, ಸರ್ಟಿಫಿಕೇಟಿಗೆ ಅರ್ಹಳಲ್ಲ’ ಎಂದು ಬರೆದಿರಿ. ಬರೆದದ್ದು ತಪ್ಪು. ಆ ತಪ್ಪಿನಲ್ಲಿ ನನ್ನ ಪಾಲೂ ಉಂಟು. ನಿಮ್ಮ ಕಚೇರಿಗೆ ಕಳಿಸಿದ ಎರಡು ಪತ್ರಗಳಿಗೆ ಉತ್ತರ ಬಾರದ್ದರಿಂದ ಇದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಗ್ರೇಸಿಗೆ ಇಪ್ಪತ್ತಮೂರು. ಹುಟ್ಟಿನಿಂದಲೇ ಅವಳ ಕೀಲುಗಳನ್ನು ಹಿಡಿದಿಡುವ ನಾರುಗಳು ಸಡಿಲ. ತಲೆ ಬಾಚುವಾಗ ಭುಜ ಜಾರುತ್ತದೆ, ತುಂಬಿದ ಚೊಂಬು ಎತ್ತಿದರೆ ಮಣಿಕಟ್ಟು. ಜಾರಿದ್ದನ್ನು ಅವಳೇ ಕೂರಿಸಿಕೊಳ್ಳುತ್ತಾಳೆ. ನೋವು ಮಾತ್ರ ಹೋಗುವುದಿಲ್ಲ. ರಕ್ತದಲ್ಲಿ ಬಂದ ಕಾಯಿಲೆ, ಸಾವಿರಾರು ಜನರಲ್ಲಿ ಒಬ್ಬರಿಗೆ ಎಂದು ಹೇಳಿ ಮಂಗಳೂರಿನ ಡಾಕ್ಟರು ಅದರ ಉದ್ದದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅದನ್ನು ನಿಮ್ಮ ಮುಂದೆ ಇಟ್ಟೆ. ನೀವು ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದಿರಿ. ನೋವು ಅದರಲ್ಲಿ ಕಾಣುವುದಾಗಿದ್ದರೆ ಮಗಳನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಯಾಕೆ ತರುತ್ತಿದ್ದೆ? ಎಕ್ಸ್‌ರೇಯನ್ನೇ ಅಂಚೆಗೆ ಹಾಕುತ್ತಿದ್ದೆ.

ಉಪ್ಪಳ ಸ್ಟೇಷನ್ನಿನ ಬಳಿ ಅಂಗವಿಕಲರಿಗೆಂದೇ ಇಟ್ಟ ಎಸ್.ಟಿ.ಡಿ. ಬೂತಿಗೆ ಅವಳು ಅರ್ಜಿ ಹಾಕಿದ್ದಾಳೆ. ಕೂತು ಮಾಡುವ ಕೆಲಸ, ನಾಲ್ಕು ಜನರ ಮಾತು ಕಿವಿಗೆ ಬೀಳುವ ಜಾಗ. ನಿಮ್ಮ ಸರ್ಟಿಫಿಕೇಟು ಇಲ್ಲದೆ ಅದು ಸಿಗುವುದಿಲ್ಲ.

ನೀವು ಕೇಳಿದಿರಿ: “ನೋವು ಹತ್ತರಲ್ಲಿ ಎಷ್ಟು?”

“ಎರಡು, ಡಾಕ್ಟ್ರೇ.”

“ಎರಡಕ್ಕೆ ಎಂತಕ್ಕಮ್ಮ ಇಷ್ಟು ದೂರ ಬಂದದ್ದು? ನನ್ನ ಸೊಂಟದಲ್ಲೇ ನಾಲ್ಕುಂಟು.”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಗ್ರೇಸಿಯೂ ನಕ್ಕಳು.

ಹಿಂದಿರುಗುವಾಗ ಬಸ್ಸಿನಲ್ಲಿ ಮಗಳನ್ನು ಕೇಳಿದೆ: “ಎಂತಕ್ಕೆ ಬಾಯೆ ಎರಡು ಅಂತ ಹೇಳಿದ್ದು?”

“ಮತ್ತೆ ಎಷ್ಟು ಹೇಳುವುದು ಮಾಂಯ್? ಹತ್ತು ಶಿಲುಬೆಯಲ್ಲಿ ಇರುವವನದ್ದು. ಏಳು ಅವನ ತಾಯಿ ಮರಿಯಮ್ಮನದ್ದು, ಚರ್ಚಿನ ಪಟದಲ್ಲಿ ಎದೆಗೆ ಏಳು ಕತ್ತಿ ಉಂಟಲ್ಲ. ಅವರ ಎದುರು ನನ್ನದು ಎಷ್ಟು? ನೀನೇ ಅಲ್ವಾ ಕಲಿಸಿದ್ದು?”

ಹೌದು, ನಾನೇ. ಅವಳು ಆರು ವರ್ಷದವಳಿದ್ದಾಗ ಮೊಣಕಾಲು ಜಾರಿ ಅತ್ತಳು. ನನ್ನಲ್ಲಿ ಬೇರೆ ಮದ್ದಿರಲಿಲ್ಲ. ಯೇಸುಸ್ವಾಮಿಯ ನೋವನ್ನು ನೆನೆದು ನಿನ್ನದನ್ನು ಅವರಿಗೆ ಒಪ್ಪಿಸು ಎಂದೆ. ಅಂದಿನಿಂದ ಅವಳು ಅತ್ತದ್ದನ್ನು ನಾನು ಕೇಳಿಲ್ಲ. ಸಂಜೆ ಜಪಸರ ಹೇಳುವಾಗ ಬೆರಳಿನ ಕೀಲು ಜಾರಿ ಕೈ ಒಂದು ಮಣಿಯಲ್ಲಿ ನಿಂತುಬಿಡುತ್ತದೆ. ಆಗ ಮಾತ್ರ ನನಗೆ ಗೊತ್ತಾಗುತ್ತದೆ. ಅವಳು ಹೇಳದೆ, ನಾನು ಕೇಳದೆ, ಒಂದೇ ಮನೆಯಲ್ಲಿ ಹದಿನೇಳು ವರ್ಷ ಕಳೆದೆವು. ನನ್ನ ವಿಶ್ವಾಸ ಕುಂದಿಲ್ಲ. ಆದರೆ ಅವಳು ದೇವರಿಗೆ ಒಪ್ಪಿಸಿದ್ದನ್ನು ಅಲ್ಪವೆಂದು ಬರೆಯುವ ಅಧಿಕಾರ ನಿಮಗೆ ಎಲ್ಲಿಂದ ಬಂತು?

ಅವಳನ್ನು ಮತ್ತೆ ಕರೆಯಿರಿ. ಅಂಕಿ ಕೇಳಬೇಡಿ. ಕೈಗೆ ಬಾಚಣಿಗೆ ಕೊಟ್ಟು ಜಡೆ ಹಾಕಲು ಹೇಳಿ, ಮುಗಿಯುವವರೆಗೆ ಕೂತು ನೋಡಿ, ಎಷ್ಟು ಸಲ ಕೈ ಇಳಿಸಿದಳೆಂದು ಬರೆಯಿರಿ.

ಇನ್ನೊಂದು ಮಾತು. ನಿಮ್ಮ ಕಡತಗಳಲ್ಲಿ ಇದೇ ಕಾಯಿಲೆಯವರು ಇನ್ನೊಬ್ಬರು ಎಲ್ಲಾದರೂ ಇದ್ದರೆ, ಅವರ ಒಪ್ಪಿಗೆ ಕೇಳಿ ವಿಳಾಸ ಕೊಡಿ. ಗ್ರೇಸಿ ಎರಡು ಎಂದರೆ ಅದು ಎಷ್ಟೆಂದು ತಿಳಿಯುವವರು ಅವಳಿಗೆ ಒಬ್ಬರಾದರೂ ಬೇಕು. ನನಗೆ ತಿಳಿಯಲಿಲ್ಲ.

ಇಂತಿ,
ಅಳಬೇಡವೆಂದು ಕಲಿಸಿದ ತಾಯಿ,
ಅಪೊಲೋನಿಯಾ ಕ್ರಾಸ್ತಾ, ಉಪ್ಪಳ