ಸೀರೆ ಸಿಕ್ಕಿಕೊಳ್ಳದ ಬೆಂಚು

ಭಾವ,

ಮೊದಲೇ ಹೇಳಿಬಿಡುತ್ತೇನೆ, ಅವತ್ತು ನಾನು ತಪ್ಪು ಒತ್ತಿರಲಿಲ್ಲ. ನೀವು ಆ ಅನುಮಾನ ಇಟ್ಟುಕೊಂಡೇ ಹೋಗಿಬಿಟ್ಟಿರಲ್ಲ, ಅದಕ್ಕೇ ಈ ಕಾಗದ. ಕ್ಷೇಮ ಕೇಳುವ ಹಾಗಿಲ್ಲ. ನಿಮಗೀಗ ಬಿ.ಪಿ.ಯೂ ಇಲ್ಲ, ಟೆಂಡರೂ ಇಲ್ಲ.

ಆ ಸಂಜೆ ನೆನಪಿದೆಯೇ? ಜಾಲಹಳ್ಳಿ ಕ್ರಾಸಿನ ಸೈಬರ್ ಸೆಂಟರಿನಲ್ಲಿ ಕೂತು, ಬಸ್ ನಿಲ್ದಾಣಗಳಿಗೆ ಸ್ಟೀಲ್ ಬೆಂಚು ಮಾಡಿಕೊಡುವ ಸರ್ಕಾರಿ ಟೆಂಡರಿಗೆ ಆನ್‌ಲೈನಿನಲ್ಲಿ ಒಂದೊಂದೇ ಕಾಗದ ಏರಿಸುತ್ತಿದ್ದೆ. ನೀವು ಹಿಂದೆ ನಿಂತು, "ಮೆಲ್ಲಗ್ ಒತ್ತೋ, ಅದೇನ್ ಪವರ್ ಪ್ರೆಸ್ಸಾ?" ಎಂದು ರೇಗಿಸುತ್ತಿದ್ದಿರಿ. ಪೀಣ್ಯದ ನಮ್ಮ ವೆಲ್ಡಿಂಗ್ ಶೆಡ್ಡಿನಿಂದ ನಮ್ಮದೇ ಹೆಸರಿನಲ್ಲಿ ಹೋದ ಮೊದಲ ಟೆಂಡರ್ ಅದು. ಅಲ್ಲಿಯವರೆಗೆ ದೊಡ್ಡ ಕಂಪನಿಗಳಿಗೆ ಜಾಬ್‌ವರ್ಕ್ ಮಾಡಿಕೊಟ್ಟಿದ್ದೇ ಆಯಿತು. "ಹೆರೋದು ನಾವು, ನಾಮಕರಣ ಅವ್ರದ್ದು" ಎನ್ನುತ್ತಿದ್ದಿರಿ. ಈ ಸಲ ನಾಮಕರಣವೂ ನಮ್ಮದೇ ಅಂತ ದಾರಿಯಲ್ಲಿ ಮೈಸೂರು ಪಾಕು ಕೊಡಿಸಿದಿರಿ, ಜನ್ಮದಲ್ಲಿ ಒಂದನ್ನೇ ಇಬ್ಬರಿಗೆ ಹಂಚುವ ಬೈಟು ಟೀ ದಾಟದವರು!

ಫಲಿತಾಂಶ ಬಂದ ದಿನ ಪರದೆಯ ಮೇಲೆ ಇದ್ದದ್ದು ಎರಡೇ ಪದ, ತಾಂತ್ರಿಕವಾಗಿ ಅನರ್ಹ. ಯಾಕೆ ಅಂತ ಇಲ್ಲ. ನೀವು ನನ್ನ ಕಡೆ ತಿರುಗಿ, "ನೀನೇ ಏನೋ ತಪ್ಪೊತ್ತಿದ್ದೀಯ ಕಣೋ. ಇಲ್ದಿದ್ರೆ ನನ್ ಬೆಂಚ್ನ ಬೇಡ ಅನ್ನೋಕಾಗುತ್ತಾ?" ಎಂದಿರಿ. ಆಮೇಲೆ ನಮ್ಮಿಬ್ಬರ ಟೀ ಬೇರೆಬೇರೆ ಆಯಿತು. ಎದೆನೋವು ಬಂದ ಬೆಳಿಗ್ಗೆಯೂ ನೀವು ನನಗೆ ಹೇಳಿದ್ದು, "ಆ ಶೀಟ್ ಜೋಡ್ಸು, ಇದನ್ನಾದ್ರೂ ನೆಟ್ಟಗ್ ಮಾಡು" ಎಂದು. ಅದೇ ಕೊನೆಯ ಮಾತಾಗುತ್ತದೆ ಅಂತ ಗೊತ್ತಿದ್ದರೆ ನೀವಾದರೂ ಆ 'ಇದನ್ನಾದ್ರೂ' ಬಿಟ್ಟು ಹೇಳುತ್ತಿದ್ದಿರೇನೋ... ನನಗಂತೂ ಅದು ಇವತ್ತಿಗೂ ಉರಿಯುತ್ತದೆ.

ನಿಮ್ಮ ತಿಥಿ ಮುಗಿಸಿ ನೇರ ಆ ಟೆಂಡರ್ ಕರೆದ ಕಚೇರಿಗೆ ಹೋದೆ. ನಮ್ಮ ಕಾಗದವನ್ನೂ ಗೆದ್ದವರ ಕಾಗದವನ್ನೂ ನೋಡಬೇಕು, ನಾವು ಎಲ್ಲಿ ಎಡವಿದೆವು ತಿಳಿಯಬೇಕು ಎಂದೆ. ಅಧಿಕಾರಿ ನಕ್ಕರು. "ಅದು ಅವ್ರ ವ್ಯಾಪಾರ ರಹಸ್ಯ ಕಣ್ರೀ. ನಾಳೆ ನಿಮ್ ಪೇಪರ್ಸ್ ಯಾರಾದ್ರೂ ಕೇಳಿದ್ರೆ ಕೊಟ್ಬಿಡ್ಲಾ?"

"ಧಾರಾಳವಾಗಿ ಕೊಡಿ ಸಾರ್" ಎಂದೆ. ಅವರಿಗೆ ಹಿಡಿಸಲಿಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಅದೇ ಮಾತು ಅಚ್ಚಾಗಿ ಬಂತು. ಮೇಲ್ಮನವಿ, ಅದರ ಮೇಲೆ ಇನ್ನೊಂದು ಮೇಲ್ಮನವಿ. ಟೆಂಡರ್ ಮುಗಿದಿದೆ, ಬೆಂಚುಗಳು ಬೀದಿಗೆ ಬಂದು ಕೂತಿವೆ, ದುಡ್ಡು ಜನರದ್ದು. ಇನ್ನು ಯಾರ ರಹಸ್ಯ, ಯಾರಿಂದ ರಹಸ್ಯ? ಕೊನೆಗೆ ಮಾಹಿತಿ ಆಯೋಗವೇ ತೋರಿಸಿ ಎಂದಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಕಚೇರಿಯವರು ಆಮೇಲೂ ತಿಂಗಳುಗಟ್ಟಲೆ ಅಲೆಸಿದರು.

ಫೈಲು ನೋಡಲು ಹೋದ ದಿನ ಅಕ್ಕನೂ ಬಂದಳು. ನಿಮಗೆ ಹೆಂಡತಿಯಾಗುವ ಮೊದಲೇ ನನಗೆ ಅಕ್ಕ, ನನ್ನ ಮೇಲೆ ಬಂದ ಮಾತು ಅವಳಿಗೂ ಚುಚ್ಚುತ್ತಿತ್ತು. ಮೊದಲು ನಮ್ಮ ಕಾಗದ ನೋಡಿದೆವು. ಎಲ್ಲವೂ ಇತ್ತು ಭಾವ, ಒಂದೂ ಬಿಟ್ಟಿರಲಿಲ್ಲ. ಕೆಳಗೆ ಯಾರೋ ಬರೆದಿದ್ದರು, 'ಇಂಥ ಕೆಲಸದ ಅನುಭವವಿಲ್ಲ' ಎಂದು. ಆಮೇಲೆ ಗೆದ್ದವರದ್ದು ತೆರೆದೆವು. ನಾವು ಜಾಬ್‌ವರ್ಕ್ ಮಾಡಿಕೊಡುತ್ತಿದ್ದ ಕಂಪನಿಯೇ. ಅವರು ತಮ್ಮ ಅನುಭವಕ್ಕೆಂದು ಹಚ್ಚಿದ್ದ ಫೋಟೋಗಳನ್ನು ನಾನು ಸುಮ್ಮನೆ ಮಗುಚುತ್ತಿದ್ದೆ. ಅಕ್ಕ ಕೈ ಅಡ್ಡ ಇಟ್ಟಳು.

"ನಿಲ್ಸೋ. ಇದು ನನ್ ಸೀರೆ ಬೆಂಚಲ್ವಾ?"

ಅವಳ ಹೊಸ ಸೀರೆ ಬಸ್ ಸ್ಟಾಪಿನ ಬೆಂಚಿನ ಕೈಯ ಚೂಪು ತುದಿಗೆ ಸಿಕ್ಕಿ ಹರಿದ ದಿನ ನೀವು ಎಷ್ಟು ನಕ್ಕಿದ್ದಿರಿ! ಅವಳು ಊಟ ಬಡಿಸದೆ ಎದ್ದುಹೋದ ಮೇಲೆ ಗಂಭೀರವಾದಿರಿ. ಎಲೆಕ್ಟ್ರಾನಿಕ್ ಸಿಟಿ ಕಡೆಯ ನಿಲ್ದಾಣಗಳಿಗೆಂದು ಆಮೇಲೆ ಆ ಕಂಪನಿ ನಮಗೆ ಮಾಡಲು ಕೊಟ್ಟ ಬೆಂಚುಗಳಲ್ಲಿ ಕೈಯ ತುದಿಯನ್ನು ಒಳಕ್ಕೆ ಬಗ್ಗಿಸಿ ಅಡಿಗೆ ಸೇರಿಸಿ ಬೆಸುಗೆ ಹಾಕಿದಿರಿ. ಡ್ರಾಯಿಂಗಿನಲ್ಲಿ ಇಲ್ಲ ಎಂದು ಅವರ ಸೂಪರ್‌ವೈಸರ್ ಕೂಗಾಡಿದ. ನೀವು, "ನಿಮ್ ಡ್ರಾಯಿಂಗು ಸೀರೆ ಉಟ್ಕೊಳಲ್ಲ ಸಾರ್" ಎಂದಿರಿ. ಫೋಟೋದಲ್ಲಿದ್ದದ್ದು ಅದೇ ಬಗ್ಗಿದ ತುದಿ.

ಅವರು ಅಷ್ಟು ಕಾಲ ಬೀಗ ಹಾಕಿ ಕಾಪಾಡಿದ ರಹಸ್ಯ ನಿಮ್ಮ ಕೈಕೆಲಸ, ಭಾವ. ಗೆದ್ದದ್ದೂ ಅದೇ, ಅನುಭವವಿಲ್ಲ ಎಂದು ಸೋತದ್ದೂ ಅದೇ. ನೀವಿದ್ದಾಗಲೇ ಒಂದು ದಿನ ಆ ಫೈಲು ತೆರೆದು ತೋರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು? ನೀವು ಒಂದು ಬೈಟು ಹೇಳಿ ನನ್ನ ಕಡೆ ಲೋಟ ತಳ್ಳುತ್ತಿದ್ದಿರಿ, ಅಷ್ಟು ಸಾಕಿತ್ತು ನನಗೆ. ದೂರು ಕೊಟ್ಟೆ. ಕೆಲಸ ಮುಗಿದಿದೆ, ಕಡತ ಮುಕ್ತಾಯಗೊಳಿಸಲಾಗಿದೆ ಎಂದು ಉತ್ತರ ಬಂತು.

ಮೊನ್ನೆ ಅತ್ತಿಬೆಲೆ ಕಡೆಯ ನಿಲ್ದಾಣಗಳಿಗೆ ಮತ್ತೆ ಟೆಂಡರ್ ಕರೆದರು. ನಮ್ಮ ಅನುಭವಕ್ಕೆ ಆ ಫೈಲಿನಿಂದ ಪಡೆದ ಅದೇ ಫೋಟೋ ಪುಟ ಹಚ್ಚಿದೆ, ಇಲಾಖೆಯದೇ ಸೀಲು ಬಿದ್ದ ನಕಲು. ಇದಕ್ಕಿಂತ ಸಾಕ್ಷಿ ಬೇಕೇ ಅಂದುಕೊಂಡಿದ್ದೆ. ಮತ್ತೆ ಅನರ್ಹ. ಈ ಸಲ ಕಾರಣವನ್ನೂ ಕೊಟ್ಟಿದ್ದಾರೆ ಪುಣ್ಯಾತ್ಮರು, 'ಚಿತ್ರಗಳು ಬೇರೆ ಸಂಸ್ಥೆಯವು.' ನಾನು ಶೆಡ್ಡಿನ ಬಾಗಿಲು ಎಳೆದು ಮನೆಗೆ ಹೋಗಿ ಮಲಗಿದೆ. ಸಾಕಾಗಿತ್ತು.

ಅಕ್ಕ ಮಲಗಲಿಲ್ಲ. ಈ ಸಲದ ಎಲ್ಲರ ಟೆಂಡರ್ ಕಾಗದ ಬೇಕು ಎಂದು ತನ್ನ ಹೆಸರಿನಲ್ಲೇ ಅರ್ಜಿ ಬರೆದು, ಒಬ್ಬಳೇ ಬಸ್ಸು ಹತ್ತಿ ಹೋಗಿ ಕೊಟ್ಟು ಬಂದಿದ್ದಾಳೆ. ಕೌಂಟರಿನಲ್ಲಿದ್ದವನು, "ಬೆಂಚಿನ ಟೆಂಡರ್‌ಗೂ ನಿಮ್ಗೂ ಏನಮ್ಮ ಸಂಬಂಧ?" ಎಂದನಂತೆ. ಇವಳು ಉಟ್ಟು ಹೋಗಿದ್ದ ಅದೇ ಸೀರೆಯ ಸೆರಗಿನಲ್ಲಿ ಹರಿದು ಹೊಲಿದ ಜಾಗವನ್ನು ಅವನ ಮೇಜಿನ ಮೇಲೆ ಹರಡಿದಳಂತೆ.

"ಇದೇ ಕಣಪ್ಪ ಸಂಬಂಧ. ಬರ್ಕೋ."

ಇಂತಿ,
ತಪ್ಪು ಒತ್ತದ ನಿಮ್ಮ ಭಾಮೈದ