ಮೀಟರಿಗೆ ಜಾಗವಿಲ್ಲವಂತೆ

ಸುವಾ, ಫಿಜಿ, ಮಾರ್ಚ್ 11, ಮಂಗಳವಾರ

ಇನ್ನೂ ಮೈ ಉರಿಯುತ್ತಿದೆ. ರೇವಾ ನದಿಯ ನೆರೆ ಎಚ್ಚರಿಕೆಗಾಗಿ ನಾನು ಬರೆದ ಕೋಡನ್ನು, ಅದನ್ನು ಪರಿಶೀಲಿಸುವ ಸಹೋದ್ಯೋಗಿ ರೊಪಾಟೆ ಇವತ್ತೂ ವಾಪಸ್ ಕಳಿಸಿದ. ಒಂದು ಸಾಲು ಎಂಬತ್ತು ಅಕ್ಷರದ ಮಿತಿ ದಾಟಿತಂತೆ. ಎರಡು ಸಾಲು ಮಾಡಿದರೆ ಅದೂ ಆಗದು.

"ನೋಡೋಕೆ ಅಸಹ್ಯ. 'ನೀರಿನ ಮಟ್ಟ ಮೀಟರಲ್ಲಿ' ಅಂತ ಅಷ್ಟುದ್ದ ಹೆಸರ್ಯಾಕೆ? 'ಮಟ್ಟ' ಸಾಕು," ಅಂದ.

"ಹಳೇ ಮಾಪಕ ಅಡಿ ಲೆಕ್ಕದ್ದು ಕಣೋ. ಯಾರಾದ್ರೂ ತಪ್ಪು ತಿಳ್ಕೊಂಡ್ರೆ?"

"ಎಲ್ರಿಗೂ ಗೊತ್ತಿರುತ್ತೆ ಬಿಡು, ಮೆರೆಯೋನಿ," ಎಂದು ನನ್ನ ಹೆಸರು ಎಳೆದು ಹೇಳಿದ.

ಹಲ್ಲು ಕಚ್ಚಿ 'ಮೀಟರಲ್ಲಿ' ಎಂಬುದನ್ನು ಕಿತ್ತೆ. ಮಧ್ಯಾಹ್ನ ಎಲ್ಲರೆದುರು ಅದೇ ಸಾಲನ್ನು ವಿವರಿಸುತ್ತಾ ಅವನೇ, "ನೀರು ಆರು ಅಡಿಗೆ ಬಂದ್ರೆ ಸೈರನ್ ಕೂಗುತ್ತೆ" ಅಂದ.

"ಮೀಟರ್!" ಎಂದು ಕಿರುಚಿದೆ.

ಸಂಜೆ, ನಾನು ಮತ್ತೆ ಸೇರಿಸಿ ಕಳಿಸಿದ ಉದ್ದ ಹೆಸರಿಗೇ ಅವನ ಒಪ್ಪಿಗೆ ಬಂತು. ಕೆಳಗೆ ಬರೆದಿದ್ದ: "ಈ ಸಲಕ್ಕೆ ಮಾತ್ರ."

ನೆರೆಯೂ ಈ ಸಲ ಮಾತ್ರ ಬರುತ್ತದೇನೋ, ಮೂರ್ಖ! ನಾಳೆ ಅವನ ಮುಖಕ್ಕೇ ಕೇಳುತ್ತೇನೆ.